ನೀರು ಕೆಳಗೆ, ಊರು ಮೇಲೆ

ನಮ್ಮ ಹಾಲ್ಕುರಿಕೆ ಕಡೆಯ ಯಾವ ದಡ್ಡನೂ ಇಂಥ ಜಾಗದಲ್ಲಿ ಊರು ಕಟ್ಟುತ್ತಿರಲಿಲ್ಲ. ಹೊಳೆ ಕಣಿವೆಯಲ್ಲಿದೆ, ಹೊಲ ಕಣಿವೆಯಲ್ಲಿದೆ, ರೈಲು ನಿಲ್ಲುವುದೂ ಅಲ್ಲೇ. ಇಟಲಿಯ ಈ ಮಂದಿ ಮಾತ್ರ ಬೋಳು ಬಂಡೆಯ ನೆತ್ತಿಯ ಮೇಲೆ ಕೂತಿದ್ದಾರೆ. ಅಂಚಿನ ಕಲ್ಲುಮನೆಗಳ ಬೆನ್ನೇ ಕೋಟೆ, ಒಳಬರಲು ಒಂದೇ ಬಾಗಿಲು, ಬೀದಿಗಳೆಲ್ಲ ಮೆಟ್ಟಿಲು. ನಮ್ಮಲ್ಲಿ ಕೆರೆ ಏರಿಯ ಕೆಳಗೆ ತೋಟ. ನೀರು ತಾನಾಗಿ ಹುಡುಕಿಕೊಂಡು ಬರುತ್ತದೆ. ಇಲ್ಲಿ ಕೊಳಾಯಿ ಬರುವ ತನಕ ಅದನ್ನು ಕತ್ತೆಗಳು ಹೊತ್ತು ತರುತ್ತಿದ್ದವಂತೆ.

ಕಣಿವೆಯ ಪಟ್ಟಣಕ್ಕೆ ಓದಲು ಬಂದ ನನಗೆ ಅಗ್ಗದ ಕೋಣೆ ಸಿಕ್ಕಿದ್ದು ಮೇಲೆ, ವಿಧವೆ ಅಸುಂತಾರ ಮನೆಯಲ್ಲಿ. ತಿಪಟೂರಿನ ಕಾಲೇಜಿಗೆ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ತಂದುಕೊಟ್ಟವನು ಬ್ರೆಡ್ಡು ಕೇಳಲೂ ಬೆರಳು ತೋರಿಸಬೇಕಾಯಿತು. ಊರಿಗೆ ಟ್ರಂಕ್ ಕಾಲ್ ಮಾಡಿದರೆ ಅರ್ಧ ಮಾತು ಸಮುದ್ರದ ಪಾಲು. ಎರಡನೆಯ ವರ್ಷಕ್ಕೆ ಜಗಳವಾಡುವಷ್ಟು ಭಾಷೆ ಬಂತು. ಆಗಲೇ ಈ ಊರು ಹಿಡಿಸಿತು.

ಇಲ್ಲೇಕೆ ಊರು ಎಂದು ಕಂಡಕಂಡವರನ್ನು ಕೇಳಿದೆ. ಪಾದ್ರಿಗಳು ಸಂತನೊಬ್ಬನ ಕನಸು ಎಂದರು. ಸಾಕ್ಷಿ ಕೇಳಿದೆ, ವೈನು ಕೊಟ್ಟರು. ಅಸುಂತಾರ ತಂಗಿಯ ಮಗ ಮಾರ್ಕೊ, ದರೋಡೆಕೋರರ ಭಯ ಎಂದ. ಅಸುಂತಾ ಹೇಳಿದ್ದು 'ಮಾಲಾರಿಯಾ'. ಅವರ ಭಾಷೆಯಲ್ಲಿ ಹಾಗೆಂದರೆ ಕೆಟ್ಟ ಗಾಳಿ; ಕಣಿವೆಯ ಜೌಗಿನ ಚಳಿಜ್ವರವನ್ನು ಹಿಂದಿನವರು ಗಾಳಿಯ ತಲೆಗೆ ಕಟ್ಟಿದ್ದರು. ಈಗ ದರೋಡೆಕೋರರಿಲ್ಲ, ಜೌಗು ಬತ್ತಿದೆ. ಕಾರಣಗಳು ಸತ್ತಿವೆ, ಊರು ಮಾತ್ರ ಮೇಲೇ ಇದೆ.

ಈ ವಾದ ಕೇಳಿಯೇ ಮಾರ್ಕೊ ನನ್ನನ್ನು ಹಿಡಿದ. ಮಂಡಿನೋವಿನ ದೊಡ್ಡಮ್ಮನನ್ನು ಚಳಿ ಬಲಿಯುವ ಮುಂಚೆ ಸ್ಟೇಷನ್ ಪಕ್ಕದ ತನ್ನ ಫ್ಲ್ಯಾಟಿಗೆ ಇಳಿಸಬೇಕು, ಮೇಲಿನ ಮನೆಗೆ ಬೀಗ ಹಾಕಬೇಕು. ಒಪ್ಪಿಸುವ ಕೆಲಸ ನನ್ನದು.

ವಾದ ನಡೆದದ್ದು 'ಮೆತಾತೋ'ದಲ್ಲಿ. ಅದು ಊರಾಚೆಯ ಕಾಡಿನಂಚಿನಲ್ಲಿ ಅಸುಂತಾರ ಕಲ್ಲುಗುಡಿಸಲು: ಮರದ ಪಟ್ಟಿಗಳ ಅಟ್ಟದ ಮೇಲೆ ಚೆಸ್ಟ್‌ನಟ್ ಕಾಯಿ, ಕೆಳಗೆ ವಾರಗಟ್ಟಲೆ ಆರದ ಸಣ್ಣ ಬೆಂಕಿ. ಕಾಯಿಗೆ ನಮ್ಮ ಹಲಸಿನ ಬೀಜದ ರುಚಿ. ಒಣಗಿಸಿ ಹಿಟ್ಟು ಮಾಡುತ್ತಾರೆ. ಅಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ತಂದರೆ ನಮ್ಮ ಕಡೆಯ ಧಾಟಿಯೇ ಬರುತ್ತದೆ, ನಾನೇನು ಮಾಡಲಿ.

"ನೀರು ಕೆಳಗೆ, ಡಾಕ್ಟ್ರು ಕೆಳಗೆ, ಬಸ್ಸು ಕೆಳಗೆ. ಮೇಲೇನೈತೆ ಹೇಳಿ ಅಮ್ಮಾ?" ಎಂದೆ.

ಅಸುಂತಾ ಮಂಡಿ ಒತ್ತಿಕೊಂಡರು. "ನೀನೇಳೋದು ಸರಿ ಕಣಪ್ಪ. ಇಳೀತೀನಿ ಬುಡು. ಈ ಕಾಯಿ ಎಲ್ಲಿ ಒಣಗಿಸ್ಲಿ?"

ಗೆದ್ದಿದ್ದೆ. ಮಾರ್ಕೊ ಸುಮ್ಮನಿದ್ದರೆ ಸಾಕಿತ್ತು.

"ಒಣಗ್ಸೋದ್ಯಾಕೆ ದೊಡ್ಡಮ್ಮ? ಹಸೀದ್ನೇ ಮಾರ್ಬುಡಾನ."

"ಹಸೀದ್ನಾ?" ಕೇಳಿದ್ದು ಅಸುಂತಾ ಅಲ್ಲ, ನಾನು. "ಹಸೀದ್ನ ಮಾರೋರು ಮನೇಲಿ ಅಟ್ಟ ಇಲ್ದೋರು ಕಣ್ಲಾ. ನಮ್ಮಲ್ಲಿ ತೆಂಗಿನಕಾಯ್ನ ಅಟ್ಟಕ್ಕಾಕಿದ್ರೆ, ಕೊಬ್ರಿ ಒಳಗೆ ಗುಡುಗುಡು ಅನ್ನೋಗಂಟ ಯಾರೂ ಮುಟ್ಟಂಗಿಲ್ಲ. ವರ್ಷ ಆದ್ರೂ ಸರಿ."

"ಯಾರ ಕಡೆ ಕಣ್ಲಾ ನೀನು?" ಎಂದ ಮಾರ್ಕೊ.

ಚರ್ಚೆಯ ನಡುವೆ ಪಕ್ಷ ಬದಲಿಸಿದವನಿಗೆ ನಮ್ಮ ಕಾಲೇಜಿನಲ್ಲಿ ಸೊನ್ನೆ. ಆದರೂ ನನ್ನ ವಾದದ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳಲಾರೆ: ಊರು ಇರುವ ಜಾಗ ತಪ್ಪು. ಅಟ್ಟಕ್ಕೆ ಹಾಕಿದ್ದನ್ನು ಅರ್ಧಕ್ಕೆ ಇಳಿಸುವುದು ಅದಕ್ಕಿಂತ ದೊಡ್ಡ ತಪ್ಪು.

"ಸೌದೆ ಯಾರು ಹಾಕ್ತಾರೆ? ದೊಡ್ಡಮ್ಮನ ಮಂಡೀಲಿ ಆಗಲ್ಲ."

"ನಾನಾಕ್ತೀನಿ."

"ಈ ವರ್ಷ ಹಾಕ್ತೀಯ. ಓದು ಮುಗುದ್ಮೇಲೆ?"

ಒಂದು ಸೌದೆ ಎತ್ತಿ ಬೆಂಕಿಗೆ ಹಾಕಿದೆ. ಅಷ್ಟರಲ್ಲಿ ಅಸುಂತಾ, "ಈ ವರ್ಷ ಇಲ್ಲೇ ಇರ್ತೀನಿ, ನೀನು ಹೋಗು" ಎಂದು ಮಾರ್ಕೊನನ್ನು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮನೆ ಅಟ್ಟ ಯಾರು ನೋಡ್ಕತಾರಪ್ಪ?"

"ನಮ್ಮಣ್ಣ ಅವ್ನೆ" ಎಂದೆ.

ಅವರು ಬೆಂಕಿಯ ಮುಂದೆ ಸ್ವಲ್ಪ ಸರಿದು ಜಾಗ ಬಿಟ್ಟರು. ಕೂತೆ. ಅಟ್ಟದಿಂದ ಒಂದು ಕಾಯಿ ತೆಗೆದು, ನಮ್ಮೂರಿನಲ್ಲಿ ತೆಂಗಿನಕಾಯಿಗೆ ಮಾಡುವಂತೆ ಕಿವಿಯ ಹತ್ತಿರ ಅಲ್ಲಾಡಿಸಿದೆ. ಇನ್ನೂ ಶಬ್ದ ಬಂದಿರಲಿಲ್ಲ.