ನೀರು ಹೆಚ್ಚಾದ ಊರು

ನಮ್ಮ ಮನೆಯಲ್ಲಿ ಯಾವುದೂ ತೀರುತ್ತಿರಲಿಲ್ಲ. ಜೋಳದ ಚೀಲ ಬರಿದಾದರೆ ಅವ್ವ "ಜ್ವಾಳ ಹೆಚ್ಚಾಗ್ಯಾವ" ಅನ್ನುತ್ತಿದ್ದಳು. ಎಣ್ಣೆಯ ಗಿಂಡಿಯ ತಳ ಕಂಡರೆ "ಎಣ್ಣಿ ಹೆಚ್ಚಾಗೈತಿ, ಅಂಗಡಿಗೆ ಹೋಗಿ ಬಾ". ದೀಪ ಆರಿಸು ಅನ್ನುವಂತಿರಲಿಲ್ಲ, ದೊಡ್ಡದು ಮಾಡು ಅನ್ನಬೇಕು. ಅಪ್ಪ ಹೋದಾಗ ಅವಳ ಕೈಬಳೆ ಒಡೆದ ಹೆಂಗಸರೂ "ಬಳಿ ಹೆಚ್ಚಾದವು" ಅಂದರೇ ಹೊರತು ಒಡೆದವು ಅನ್ನಲಿಲ್ಲ. ಇಲ್ಲ ಎಂಬ ಮಾತು ಬಾಯಿಂದ ಬಂದರೆ ಲಕ್ಷ್ಮಿ ಕೇಳಿಸಿಕೊಂಡು ಮನೆ ಬಿಟ್ಟು ಹೊರಡುತ್ತಾಳೆ ಎಂಬುದು ಅವ್ವನ ನಂಬಿಕೆ. ನಾನು ನರ್ಸಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಮೇಲೂ ಫೋನಿನಲ್ಲಿ "ಗುಳಿಗಿ ಹೆಚ್ಚಾಗ್ಯಾವ" ಅಂದರೆ ಬಿ.ಪಿ. ಮಾತ್ರೆ ಮುಗಿದಿವೆ ಎಂದು ತಿಳಿದು ಬಸ್ಸಿನವರ ಕೈಗೆ ಕೊಟ್ಟು ಕಳಿಸುತ್ತಿದ್ದೆ.

ನಮ್ಮೂರು ಕೂಡ್ಲಿಗಿ ತಾಲ್ಲೂಕಿನಲ್ಲಿ, ಒಂದು ಗುಡ್ಡದ ಬುಡದಲ್ಲಿದೆ. ಗುಡ್ಡದಲ್ಲೊಂದು ಒರತೆ ಇತ್ತು. ನಮ್ಮ ಕುರಿಗಳೂ ನಾವೂ ಅದರ ನೀರನ್ನೇ ಕುಡಿದು ಬದುಕಿದವರು. ಗುಡ್ಡದ ಆಚೆ ಮಗ್ಗುಲನ್ನು ಒಂದು ಗಣಿ ಕಂಪನಿ ಹಿಡಿಯಿತು. ಹೆಸರು ದೇವರದು, ದುಡ್ಡು ಸಮುದ್ರದಾಚೆಯದು. ವಿದೇಶಿ ಬಂಡವಾಳಕ್ಕೆ ಸ್ವಾಗತ ಎಂದು ಊರ ಮುಂದೆ ಬ್ಯಾನರ್ ಕಟ್ಟಿದರು. ಬಂಡವಾಳ ಬಯಲಾಗಲು ಬಹಳ ಕಾಲ ಬೇಕಾಗಲಿಲ್ಲ. ಅದಿರು ತೆಗೆಯುವ ಗುಂಡಿಯಲ್ಲಿ ನೀರು ಜಿನುಗುತ್ತದೆಂದು ಪಂಪು ಹಚ್ಚಿ ಹಗಲೂ ರಾತ್ರಿ ಎತ್ತಿ ಹೊರಗೆ ಚೆಲ್ಲಿದರು. ಬೇಸಿಗೆ ಬರುವಷ್ಟರಲ್ಲಿ ನಮ್ಮ ಒರತೆ ಒಣಗಿತು. ಟ್ಯಾಂಕರ್ ಬಂದ ದಿನ ಕೊಡಗಳ ಜಗಳ, ಬಾರದ ದಿನ ಕುರಿಗಳ ಅರಚಾಟ.

ಆಮೇಲೆ ಕಂಪನಿಗೆ ಈಚೆ ಮಗ್ಗುಲೂ ಬೇಕಾಯಿತು. ಅದು ಸಿಕ್ಕರೆ ಒರತೆ ಇದ್ದ ಜಾಗವೇ ಗುಂಡಿಯಾಗುತ್ತದೆ, ಇನ್ನು ನೀರು ತಿರುಗಿ ಬರುವ ಆಸೆಯೇ ಇಲ್ಲ. ಸರಕಾರ ಕೊಡುವ ಮೊದಲು ಸಭೆ ಕರೆದು ಊರವರ ಅಭಿಪ್ರಾಯ ಕೇಳಬೇಕಂತೆ. ಕಂಪನಿಯ ಕಡೆಯಿಂದ ಬೆಂಗಳೂರಿನ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಮನೆಮನೆಗೆ ಬಂದಳು. ಒಳ್ಳೆಯ ಹುಡುಗಿಯೇ ಪಾಪ, ಅವ್ವನ ಕೈಯ ರೊಟ್ಟಿ ತಿಂದು ಹೋದಳಂತೆ. ನಾನು ಆ ದಿನ ಡ್ಯೂಟಿಯಲ್ಲಿದ್ದೆ.

ಸಭೆ ಊರ ಶಾಲೆಯ ಬಯಲಿನಲ್ಲಿ, ಶಾಮಿಯಾನದಡಿ ನಡೆಯಿತು. ನಾನು ರಜೆ ಹಾಕಿ ಬಂದು ಅವ್ವನ ಪಕ್ಕ ಕುಳಿತಿದ್ದೆ. ಹಣ ಹೂಡಿದವರ ಕಡೆಯ ವಿದೇಶಿಯೊಬ್ಬ ವೇದಿಕೆಯ ಮೇಲಿದ್ದ. ಹಡಗಲಿ ಮಲ್ಲಿಗೆಯ ಹಾರ ಕೊರಳಿಗೆ ಬಿದ್ದಾಗ ಕಣ್ಣು ಮುಚ್ಚಿ ಮೂಸಿದ. ನಮ್ಮವರು ನೀರಿನ ಮಾತೆತ್ತಿದ ಕೂಡಲೇ ಕಂಪನಿಯ ಮ್ಯಾನೇಜರ್ ನಗುತ್ತಾ ಪರದೆಯ ಮೇಲೆ ವಿಡಿಯೊ ಹಾಕಿಸಿದ. ಪರದೆಯ ತುಂಬ ನಮ್ಮ ಅವ್ವ.

"ಗುಡ್ಡದ ನೀರು ಹೇಗಿದೆ ಅಮ್ಮಾ?" ಇದು ಆ ಹುಡುಗಿಯ ದನಿ.

"ಹ್ವಾದ ಬ್ಯಾಸಿಗ್ಯಾಗ ಹೆಚ್ಚಾಗ್ಯಾವ ನೋಡವ್ವಾ," ಅಂದು ಅವ್ವ ಮನೆಗೆ ಬಂದವರ ಮುಂದೆ ನಗುವಂತೆ ನಕ್ಕಳು.

ಗಣಿ ಬಂದ ಮೇಲೆ ನೀರು ಹೆಚ್ಚಿದೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಮೂಡಿತು. ವಿದೇಶಿ ಚಪ್ಪಾಳೆ ತಟ್ಟಿದ.

ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತು ಕೂಗಿದೆ: "ನಮ್ ಕಡಿ ಹೆಚ್ಚಾಗ್ಯಾವ ಅಂದ್ರ ತೀರ್ಯಾವ ಅಂತ ಅರ್ಥರಿ! ಇಲ್ಲಿ ಯಾರನ್ನ ಬೇಕಾದ್ರೂ ಕೇಳ್ರಿ!"

ಊರವರೆಲ್ಲ ಹೌದೆಂದು ದನಿಗೂಡಿಸಿದರು. ಮ್ಯಾನೇಜರ್, "ಮೇಡಂ, ಹೆಚ್ಚು ಅಂದ್ರೆ ಕಡಿಮೆ ಅಂತ ಯಾವ ನಿಘಂಟಿನಲ್ಲಿದೆ?" ಎಂದ. ವೇದಿಕೆಯ ಮೇಲಿದ್ದವರು ನಕ್ಕರು. ಅವನೂ ಕನ್ನಡದವನೇ. ದೀಪ ದೊಡ್ಡದು ಮಾಡು ಅನ್ನುವ ಅಜ್ಜಿ ಅವನ ಮನೆಯಲ್ಲೂ ಇದ್ದಿರಲೇಬೇಕು. ವಿದೇಶಿಗಿಂತ ಅವನ ಮೇಲೇ ನನಗೆ ಹೆಚ್ಚು ಸಿಟ್ಟು, ಈಗಲೂ.

ಸಭೆ ನಡೆಸುತ್ತಿದ್ದ ಅಧಿಕಾರಿ ಅವ್ವನ ಕೈಗೆ ಮೈಕ್ ಕೊಡಿಸಿದರು. "ನೀರು ಇದೆಯಾ, ಇಲ್ಲವಾ? ಒಂದೇ ಮಾತಿನಲ್ಲಿ ಹೇಳಿ."

ಅವ್ವ ನನ್ನ ಮುಖ ನೋಡಿದಳು. ನೀರೆಂದರೆ ಅವಳಿಗೆ ಗಂಗಮ್ಮ, ಆ ತಾಯಿಯ ವಿಷಯದಲ್ಲಿ ಇಲ್ಲ ಎಂಬ ಮಾತು ಆಡುವುದು ಅವಳಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಆದರೂ ಆಡು ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇಲ್ರಿ," ಅಂದಳು. "ನೀರು ಇಲ್ಲ."

ಅವಳ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ಕುಳಿತವಳೇ ಗುಡ್ಡದ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡಳು.

"ಕ್ಯಾಮೆರಾ ಮುಂದೆ ಒಂದು ಮಾತು, ಮಗಳ ಮುಂದೆ ಇನ್ನೊಂದು," ಎಂದ ಮ್ಯಾನೇಜರ್. ಎರಡನ್ನೂ ದಾಖಲು ಮಾಡಿಕೊಂಡಿದ್ದೇವೆ ಎಂದು ಅಧಿಕಾರಿ ಸಭೆ ಮುಗಿಸಿದರು. ಮಳೆಗಾಲಕ್ಕೆ ಮುಂಚೆಯೇ ಈಚೆ ಮಗ್ಗುಲಿಗೂ ಯಂತ್ರಗಳು ಹತ್ತಿದವು. ಒರತೆಯ ಕಲ್ಲುಗಳು ಟಿಪ್ಪರ್‌ಗಳಲ್ಲಿ ಹೋದವು. ನಗುವ ನಮ್ಮ ಅವ್ವನನ್ನು ಕಂಪನಿಯವರು ಈಗಲೂ ಎಲ್ಲೆಲ್ಲೋ ತೋರಿಸುತ್ತಾರಂತೆ. ನಾವು ಕುರಿಗಳನ್ನು ಮಾರಿದೆವು.

ಹೋದ ವಾರ ಊರಿಗೆ ಹೋಗಿದ್ದೆ. ಸಂಜೆ ದೇವರಿಗೆ ದೀಪ ಹಚ್ಚಲು ಗಿಂಡಿ ಎತ್ತಿದರೆ ಹಗುರವಾಗಿತ್ತು.

"ಯವ್ವಾ, ಎಣ್ಣಿ ಹೆಚ್ಚಾಗೈತೇನ?" ಎಂದೆ.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

"ಎಣ್ಣಿ ಇಲ್ಲ," ಅಂದಳು. "ಇಲ್ಲದ್ದಕ್ಕ ಇಲ್ಲ ಅನ್ನಬೇಕವ್ವಾ. ಹೆಚ್ಚಾಗೈತಿ ಅಂದ್ರ ಯಾರರ ಬಂದು ಒಯ್ತಾರ."