ಗ್ಯಾಲರಿಯಲ್ಲಿರುವವರು ಮಾತನಾಡುವಂತಿಲ್ಲ

ನಾನು ವಿಧಾನಸಭೆಯಲ್ಲಿದ್ದೆ ಎಂದು ಹೇಳಿಕೊಂಡು ವಿಜಯನಗರದ ನಮ್ಮ ರಸ್ತೆಯಲ್ಲಿ ಬಹಳ ವರ್ಷ ಮರ್ಯಾದೆ ಗಿಟ್ಟಿಸಿದ್ದೇನೆ. ಅದು ಸುಳ್ಳೇನಲ್ಲ. ಇದ್ದದ್ದು ಮಾತ್ರ ಮೇಲೆ, ಸಾರ್ವಜನಿಕರ ಗ್ಯಾಲರಿಯಲ್ಲಿ, ದಲಾಯತನಾಗಿ. ಎಸ್ಸೆಸ್ಸೆಲ್ಸಿ ಓದಿದವನಿಗೆ ಅಲ್ಲಿ ಕುರ್ಚಿ ಇರಲಿಲ್ಲ, ನಿಂತೇ ಇರಬೇಕಿತ್ತು. ಸಭೆ ನೋಡಲು ಬಂದವರಿಗೆ "ಕಾಲ ಮೇಲೆ ಕಾಲು ಹಾಕಬೇಡಿ, ಪೇಪರ್ ಓದಬೇಡಿ, ತೂಕಡಿಸಬೇಡಿ, ಮಾತಾಡಬೇಡಿ" ಎನ್ನುವುದು ನನ್ನ ಕೆಲಸ. ಕೆಳಗೆ ಶಾಸಕರು ಈ ನಾಲ್ಕನ್ನೂ ಮಾಡುತ್ತಿದ್ದರು. ಅದು ನನ್ನ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಮೇಲಿನಿಂದ ನೋಡಿ ನೋಡಿ ಸದನದ ಕಟ್ಟುಪಾಡೆಲ್ಲ ನನಗೆ ಬಾಯಿಪಾಠವಾಗಿತ್ತು. ಸಭಾಧ್ಯಕ್ಷರದು ಎಲ್ಲರಿಗಿಂತ ಎತ್ತರದ ಕುರ್ಚಿ. ಅವರ ಬಲಗಡೆ ಆಡಳಿತ ಪಕ್ಷ, ಎಡಗಡೆ ವಿರೋಧ ಪಕ್ಷ. ಚುನಾವಣೆ ಮುಗಿದ ಮೇಲೆ ಕುರ್ಚಿಗಳು ಅಲ್ಲೇ ಇರುತ್ತವೆ. ಕೂರುವವರು ಅದಲುಬದಲಾಗುತ್ತಾರೆ, ಜೊತೆಗೆ ಅವರ ಅಭಿಪ್ರಾಯಗಳೂ. ಅಧ್ಯಕ್ಷರು ಎದ್ದು ಹೋದರೆ ಉಪಾಧ್ಯಕ್ಷರು ಬಂದು ಕೂರುತ್ತಾರೆ. ಬಾಗಿಲಲ್ಲಿ ಬಿಳಿ ಉಡುಪಿನ ಮಾರ್ಷಲ್‌ಗಳು. ಮೊದಲು ಪ್ರಶ್ನೋತ್ತರ, ಆಮೇಲೆ ಶೂನ್ಯವೇಳೆ, ಆಮೇಲೆ ಮಸೂದೆ. ಹತ್ತರಲ್ಲಿ ಒಂದು ಪಾಲು ಸದಸ್ಯರಾದರೂ ಒಳಗಿಲ್ಲದಿದ್ದರೆ ಕೋರಂ ಗಂಟೆ ಬಾರಿಸುತ್ತಾರೆ. ಕ್ಯಾಂಟೀನಿನಲ್ಲಿ ಕಾಫಿ ಮುಗಿಯುವ ತನಕ ಅದು ಮೊಳಗುತ್ತಲೇ ಇರುತ್ತದೆ.

ನಿವೃತ್ತನಾಗಿ ಎಷ್ಟೋ ಕಾಲವಾದ ಮೇಲೆ ಈ ವಿದ್ಯೆಗೆ ಗಿರಾಕಿ ಸಿಕ್ಕಿದರು. ನಮ್ಮ ನಿವಾಸಿಗಳ ಸಂಘದ ಸಭೆ ಪಾರ್ಕಿನಲ್ಲಿ ನಡೆಯುತ್ತಿತ್ತು. ಅದು ಸಭೆಯಲ್ಲ, ಸಂತೆ. ನಾಯಿ ಯಾರದು, ಕಸ ಯಾರದು, ಮೋರಿಗೆ ಪೈಪ್ ಬಿಟ್ಟವರು ಯಾರು ಎಂದು ಎಲ್ಲರೂ ಒಟ್ಟಿಗೆ ಕೂಗುವುದು. ಒಂದು ದಿನ ಎದುರು ಮನೆಯ ನಿವೃತ್ತ ಇಂಜಿನಿಯರು ಬಂದರು.

"ಸಾರ್, ನೀವು ಅಸೆಂಬ್ಲೀಲಿ ಇದ್ದವ್ರು. ಅಲ್ಲಿ ಹೆಂಗೆ ನಡೆಸ್ತಾರೋ ಹಂಗೇ ನಮ್ಗೂ ಒಂದು ಸಿಸ್ಟಮ್ ಮಾಡ್ಕೊಡಿ. ನೀವೇ ಸ್ಪೀಕರ್ ಆಗ್ಬೇಕು."

ಒಳಗಿದ್ದ ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಮೂವತ್ತು ವರ್ಷ ನಿಂತು ನಿಂತು ಕಾಲು ಊದಿಸ್ಕೊಂಡವರಿಗೆ ಕುರ್ಚಿ ಸಿಕ್ತಲ್ಲ, ಕೂತ್ಕೊಳ್ಳಿ ಬಿಡಿ" ಎಂದಳು. ನಾನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

ಹೀಗೆ ನಮ್ಮ ರಸ್ತೆಗೆ ವಿಧಾನಸಭೆ ಬಂತು. ಕಲ್ಲುಬೆಂಚಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ನಾನು ಕೂತೆ. ಇಂಜಿನಿಯರು ಉಪಾಧ್ಯಕ್ಷರು. ಗಣೇಶನ ಗುಡಿಯಿಂದ ಕೋರಂ ಗಂಟೆ ತಂದೆವು. ಅದಕ್ಕಿಂತ ಸಭೆಗೆಂದು ಮಾಡಿಸುತ್ತಿದ್ದ ಕೇಸರಿಬಾತಿನ ವಾಸನೆಗೇ ಕೋರಂ ಬೇಗ ಭರ್ತಿಯಾಗುತ್ತಿತ್ತು. ಪಾರ್ಕಿನ ವಾಚ್‌ಮನ್‌ಗೆ ಬಿಳಿ ಅಂಗಿ ಹಾಕಿಸಿ ಮಾರ್ಷಲ್ ಮಾಡಿದೆವು. ಪಕ್ಷಗಳನ್ನು ನಾನು ಮಾಡಲಿಲ್ಲ, ತಾವಾಗಿಯೇ ಆದವು. ಕಾರಿನವರೆಲ್ಲ ನನ್ನ ಬಲಕ್ಕೆ, ಸ್ಕೂಟರಿನವರೆಲ್ಲ ಎಡಕ್ಕೆ. ಬಾಡಿಗೆಯವರು ಸಂಘದ ಸದಸ್ಯರಲ್ಲ. ಅವರಿಗೆಂದು ಗೊಬ್ಬರದ ಗುಂಡಿಯ ಪಕ್ಕ ನಾಲ್ಕು ಕುರ್ಚಿ ಹಾಕಿಸಿದೆ. ಅದು ಗ್ಯಾಲರಿ.

ಮೊದಲ ಎರಡು ಸಭೆಗಳಲ್ಲಿ ಎಲ್ಲರೂ "ಮಾನ್ಯ ಅಧ್ಯಕ್ಷರೇ" ಎಂದು ಎದ್ದು ನಿಂತು ಮಾತಾಡಿದರು. ನನಗೆ ರಾತ್ರಿ ನಿದ್ದೆಯಲ್ಲೂ ಅದೇ ಕೇಳಿಸುತ್ತಿತ್ತು.

ಮೂರನೇ ಸಭೆಗೆ ಇಂಜಿನಿಯರು ಒಂದು ಗೊತ್ತುವಳಿ ತಂದರು. ಪಾರ್ಕಿನ ಗೇಟಿನ ಬಳಿಯ ಹೊಂಗೆ ಮರದ ಕೆಳಗಿನ ಜಾಗವನ್ನು ಸದಸ್ಯರ ವಾಹನ ನಿಲುಗಡೆಗೆ ಮೀಸಲಿಡತಕ್ಕದ್ದು. ಓದಲು ಬಹಳ ಸೊಗಸಾಗಿತ್ತು. ಆ ಮರದ ಕೆಳಗೆ ಇಸ್ತ್ರಿ ಬಂಡಿ ಇದೆ, ಗಂಡ ತೀರಿಕೊಂಡ ಹೆಂಗಸೊಬ್ಬಳು ಕಾಮಾಕ್ಷಿಪಾಳ್ಯದಿಂದ ದಿನಾ ಬಂದು ಇದ್ದಿಲು ಹಚ್ಚಿ ಇಡೀ ರಸ್ತೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ, ಅವಳ ಮನೆ ನಡೆಯುವುದು ಅದರಿಂದಲೇ ಎಂಬ ಮಾತು ಅದರಲ್ಲಿರಲಿಲ್ಲ. ಇಂಜಿನಿಯರ ಮಗ ಎರಡನೇ ಕಾರು ಕೊಂಡಿದ್ದಾನೆ ಎಂಬುದೂ ಇರಲಿಲ್ಲ.

ಆಕೆಗೆ ಹೇಗೋ ಸುದ್ದಿ ಮುಟ್ಟಿತ್ತು. ಬಂದು ಗ್ಯಾಲರಿಯಲ್ಲಿ ಕೂತಿದ್ದಳು, ಕುರ್ಚಿಯ ತುದಿಯಲ್ಲಿ. ನಾನು ಉಟ್ಟಿದ್ದ ಪಂಚೆ, ತೊಟ್ಟಿದ್ದ ಜುಬ್ಬ ಎರಡಕ್ಕೂ ಅವಳೇ ಆ ಬೆಳಿಗ್ಗೆ ಇಸ್ತ್ರಿ ಹಾಕಿದ್ದಳು.

ಎಡಗಡೆಯಿಂದ ರಿಟೈರ್ಡ್ ಟೀಚರಮ್ಮ ಎದ್ದರು. "ಅಲ್ಲಾ, ಅವಳನ್ನ ಒಂದು ಮಾತು ಕೇಳ್ಬೇಡ್ವಾ? ಅಲ್ಲೇ ಕೂತಿದಾಳಲ್ಲ."

"ಹೌದು ಸಾರ್," ಎಂದು ಆಕೆ ಎದ್ದು ನಿಂತಳು. "ನಾನೊಂದು ಮಾತು..."

ನನ್ನ ಬಾಯಿಂದ ಬಂದದ್ದನ್ನು ನಾನು ಯೋಚಿಸಿ ಆಡಲಿಲ್ಲ. ಮೂವತ್ತು ವರ್ಷ ಆಡಿದ ಮಾತು ತಾನಾಗಿ ಬಂತು. "ಗ್ಯಾಲರಿಯಲ್ಲಿರುವವರು ಮಾತನಾಡುವಂತಿಲ್ಲ. ಕೂತ್ಕೊಳ್ಳಿ."

"ಸಾರ್, ನನ್ನ ಜಾಗದ್ದೇ ಅಲ್ವಾ..."

"ಮಾರ್ಷಲ್!" ಎಂದೆ.

ವಾಚ್‌ಮನ್ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ದಿನಾ ಅವಳ ಬಂಡಿಯ ಪಕ್ಕವೇ ಕೂತು ಊಟ ಮಾಡುವವನು. "ಬಾಕ್ಕ, ಆಚೆ ಹೋಗಣ" ಎಂದು ಮೆಲ್ಲಗೆ ಹೇಳಿದ. ಆಕೆ ಹೋದಳು. ಗದ್ದಲ ಮಾಡಲಿಲ್ಲ. ಶಾಸಕರು ಇಷ್ಟು ಸುಲಭವಾಗಿ ಹೊರಗೆ ಹೋದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಆಮೇಲೆ ಧ್ವನಿಮತಕ್ಕೆ ಹಾಕಿದೆ. ಪರವಾಗಿರುವವರು 'ಹೌದು' ಎನ್ನಿ. ಬಲಗಡೆಯವರು ಕೂಗಿದರು. ವಿರುದ್ಧವಾಗಿರುವವರು 'ಇಲ್ಲ' ಎನ್ನಿ. ಎಡಗಡೆಯವರು ಇನ್ನೂ ಜೋರಾಗಿ ಕೂಗಿದರು. ನನ್ನ ಕಿವಿ ಇನ್ನೂ ಚೆನ್ನಾಗಿದೆ. "ಹೌದು ಎನ್ನುವವರೇ ಹೆಚ್ಚು. ಗೊತ್ತುವಳಿ ಅಂಗೀಕಾರವಾಗಿದೆ" ಎಂದೆ. ಅನುಮಾನವಿದ್ದರೆ ತಲೆ ಎಣಿಸಿ ಎಂದು ಯಾವ ಸದಸ್ಯ ಬೇಕಾದರೂ ಕೇಳಬಹುದು. ಆ ನಿಯಮ ನನಗೊಬ್ಬನಿಗೇ ಗೊತ್ತಿತ್ತು. ನಾನು ಹೇಳಲಿಲ್ಲ. ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದವರು ಬಲಗಡೆ ಇದ್ದರು, ಕೇಸರಿಬಾತೂ ಆರುತ್ತಿತ್ತು.

ಬಂಡಿ ಮೆಟ್ರೋ ಸೇತುವೆಯ ಕೆಳಗೆ, ಮೇನ್ ರೋಡಿಗೆ ಹೋಯಿತು. ಅಲ್ಲಿ ನೆರಳೇನೋ ಇದೆ. ಬಸ್ಸಿನ ಹೊಗೆ, ಧೂಳು ಬಿಳಿ ಬಟ್ಟೆಯ ಮೇಲೆ ಕೂರುತ್ತದೆ. ನಮ್ಮ ರಸ್ತೆಯವರು ಅಷ್ಟು ದೂರ ಗಂಟು ಹೊತ್ತುಕೊಂಡು ಹೋಗಲಿಲ್ಲ. ಒಂದು ದಿನ ನಾನು ನನ್ನ ಜುಬ್ಬಗಳನ್ನು ಹೊತ್ತುಕೊಂಡು ಹೋದೆ. ಆಕೆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಗಂಟು ಬಿಚ್ಚಿ ನೋಡಿದಳು.

"ವ್ಯಾಪಾರ ಹೆಂಗಿದೆಯಮ್ಮ?" ಎಂದೆ.

ಆಕೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಜುಬ್ಬದ ಮೇಲೆ ನೀರು ಚಿಮುಕಿಸಿದಳು.

ಮುಂದಿನ ಸಭೆಯಲ್ಲಿ ನಾನು ಕುರ್ಚಿ ಬಿಟ್ಟು ಕೆಳಗಿಳಿದು ಎಡಗಡೆ ಕೂತೆ. ಇಂಜಿನಿಯರು ತಡಮಾಡದೆ ಮೇಲೆ ಹತ್ತಿದರು. "ಹೊಂಗೆ ಮರದ ವಿಷಯ ಮತ್ತೆ ಚರ್ಚೆ ಆಗ್ಬೇಕು" ಎಂದೆ.

"ಮುಂಚೆನೇ ನೋಟಿಸ್ ಕೊಟ್ಟಿದ್ರಾ?"

"ಇಲ್ಲ."

"ಅದೂ ಅಲ್ದೆ, ಒಂದ್ಸಲ ತೀರ್ಮಾನ ಆದ ವಿಷಯನ ಅದೇ ಅಧಿವೇಶನದಲ್ಲಿ ಮತ್ತೆ ಎತ್ತೋ ಹಂಗಿಲ್ಲ. ನೀವೇ ಹೇಳ್ಕೊಟ್ಟಿದ್ದು ಸಾರ್."

"ಸರಿ, ಈ ಅಧಿವೇಶನ ಯಾವಾಗ ಮುಗಿಯುತ್ತೆ?"

ಇಂಜಿನಿಯರು ಅತ್ತಿತ್ತ ನೋಡಿದರು. "ಅದನ್ನ ನೀವು ಹೇಳ್ಕೊಡ್ಲಿಲ್ವಲ್ಲ."

ನಿಜ. ನಾನು ಹೇಳಿಕೊಟ್ಟಿರಲಿಲ್ಲ. ಅಧಿವೇಶನ ಮುಗಿಸುವುದು ರಾಜ್ಯಪಾಲರು. ನಮ್ಮ ರಸ್ತೆಗೆ ರಾಜ್ಯಪಾಲರನ್ನು ನೇಮಿಸಲು ಮರೆತಿದ್ದೆ. ಹಾಗಾಗಿ ನಮ್ಮ ಅಧಿವೇಶನ ಇವತ್ತಿಗೂ ನಡೆಯುತ್ತಿದೆ. ಅವತ್ತು ನಾನು ಕೂತುಕೊಳ್ಳದೆ ಮಾತಾಡುತ್ತಲೇ ಇದ್ದೆ. ಇಂಜಿನಿಯರು ನನ್ನದೇ ದನಿಯಲ್ಲಿ "ಮಾರ್ಷಲ್!" ಎಂದರು. ವಾಚ್‌ಮನ್ ಬಂದು ನನ್ನ ಮೊಣಕೈ ಹಿಡಿದ. "ಬನ್ನಿ ಸಾರ್, ನಿಂತ್ರೆ ಕಾಲು ಊದ್ಕೊಳ್ಳುತ್ತೆ" ಎಂದ. ಅದರಲ್ಲಿ ವ್ಯಂಗ್ಯವಿತ್ತೋ ಕಾಳಜಿಯಿತ್ತೋ ತಿಳಿಯಲಿಲ್ಲ. ಎರಡಕ್ಕೂ ನಾನು ಅರ್ಹನಾಗಿದ್ದೆ.

ಮನೆಗೆ ಬಂದು ಗೇಟಿನ ಒಳಗೆ ನಿಂತಿದ್ದ ನನ್ನ ಹಳೆ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಹೊಂಗೆ ಮರದ ಕೆಳಗೆ ಅಡ್ಡಡ್ಡ ನಿಲ್ಲಿಸಿದೆ. ಸದಸ್ಯನ ವಾಹನ, ಮೀಸಲು ಜಾಗ. ಇಂಜಿನಿಯರ ಮಗನ ಕಾರು ಈಗಲೂ ಬಿಸಿಲಲ್ಲೇ ನಿಲ್ಲುತ್ತದೆ. ಆಮೇಲೆ ಮೇನ್ ರೋಡಿಗೆ ಹೋದೆ.

"ನಮ್ಮ ಗೇಟಿನ ಒಳಗೆ ಜಾಗ ಖಾಲಿ ಮಾಡಿದೀನಿ. ಸೀಬೆ ಮರದ ನೆರಳಿದೆ. ಬಂಡಿ ತಂದು ಹಾಕ್ಕೋಮ್ಮ. ನಾನವತ್ತು ಮಾಡಿದ್ದು ತಪ್ಪು."

ಆಕೆ ಇದ್ದಿಲು ಊದುತ್ತಿದ್ದವಳು ತಲೆಯೆತ್ತಿದಳು. "ಅಲ್ಲಿ ಮಾತಾಡ್ಬೋದಾ ಸಾರ್?"

"ಮಾತಾಡ್ಬೋದಮ್ಮ."

ಬಂದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡುತ್ತಾಳೆ. ಬಟ್ಟೆ ಕೊಡಲು ಬಂದ ಪ್ರತಿಯೊಬ್ಬರಿಗೂ ಆ ದಿನದ ಸಭೆಯನ್ನು, ನನ್ನ ದನಿ, ನನ್ನ ಕೈಬೀಸು ಸಮೇತ, ಆಡಿ ತೋರಿಸುತ್ತಾಳೆ. "ಮಾರ್ಷಲ್" ಎನ್ನುವಾಗ ಇಸ್ತ್ರಿ ಪೆಟ್ಟಿಗೆಯನ್ನು ಮೇಲೆತ್ತುತ್ತಾಳೆ. ಒಳಗಿನಿಂದ ನನ್ನ ಹೆಂಡತಿ ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಾಳೆ. ನಾನು ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳುತ್ತೇನೆ. ಪೇಪರ್ ಓದುವುದಿಲ್ಲ, ತೂಕಡಿಸುವುದಿಲ್ಲ. ಕಾಲ ಮೇಲೆ ಕಾಲು ಹಾಕುವುದಿಲ್ಲ.