ಆಫ್ ಮಾಡದ ಚಾರ್ಜರ್

ಕಟಪಾಡಿ ಪೇಟೆಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ ಇತ್ತು. ಕೆಲಸ ಕಲಿತವನು ನಾನು, ಅದನ್ನು ಶಿಸ್ತಿನಿಂದ ಮಾಡುತ್ತಿದ್ದವಳು ಮಾತ್ರ ನನ್ನ ಹೆಂಡತಿ. ಬ್ಯಾಟರಿಯ ಟರ್ಮಿನಲ್ ಮೇಲೆ ಕಟ್ಟಿದ ಹಸಿರು ಕಿಲುಬಿಗೆ ಸೋಡಾಪುಡಿಯ ನೀರು ಹಾಕಿ, ಹಳೆಯ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ, ಒಣಗಿದ ಮೇಲೆ ಗ್ರೀಸ್ ಹಚ್ಚುತ್ತಿದ್ದಳು. ಕೈಗೆ ರಬ್ಬರಿನ ಗ್ಲೌಸು, ಕಣ್ಣಿಗೆ ದೊಡ್ಡ ಕನ್ನಡಕ. ಬರಿಗೈಯಲ್ಲಿ ಬ್ಯಾಟರಿ ಮುಟ್ಟಿದರೆ ನನಗೆ ಬೈಗುಳ.

"ಚಾರ್ಜ್ ಆಗುವಾಗ ಗ್ಯಾಸ್ ಬರ್ತದೆ. ಒಂದು ಕಿಡಿ ಸಾಕು. ಮೊದಲು ಸ್ವಿಚ್ ಆಫ್ ಮಾಡಿ, ಮತ್ತೆ ಕ್ಲಿಪ್ ತೆಗೀರಿ" ಎಂದು ಎಷ್ಟು ಸಲ ಹೇಳಿದ್ದಳೋ.

ಆ ದಿನ ಮಧ್ಯಾಹ್ನ ವಿಪರೀತ ಸೆಕೆ. ಕಾಪುವಿನ ರಿಕ್ಷಾ ಚಾಲಕರೊಬ್ಬರು ಚಾರ್ಜಿಗಿಟ್ಟ ತಮ್ಮ ಬ್ಯಾಟರಿಗಾಗಿ ಬಾಗಿಲಲ್ಲೇ ನಿಂತಿದ್ದರು. "ಒಮ್ಮೆ ಬೇಗ ಕೊಡಿ ಮಾರಾಯ್ರೆ, ಮದುವೆ ಬಾಡಿಗೆ ಉಂಟು" ಎಂದರು. "ಆಯ್ತು, ಆಯ್ತು" ಎನ್ನುತ್ತಾ ನಾನು ಅವರತ್ತ ಮುಖ ತಿರುಗಿಸಿಕೊಂಡೇ ಕ್ಲಿಪ್ ಎಳೆದೆ. ಚಾರ್ಜರ್ ಇನ್ನೂ ಆನ್ ಇತ್ತು. ಪಕ್ಕದಲ್ಲಿ ನನ್ನ ಹೆಂಡತಿ ಕನ್ನಡಕ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದಳು.

ಪಟಾಕಿಯಂಥ ಸದ್ದು. ಬ್ಯಾಟರಿಯ ಮುಚ್ಚಳ ಸಿಡಿದು ಆಸಿಡ್ ಅವಳ ಮುಖಕ್ಕೆ ಹಾರಿತು. ನಳ್ಳಿಯ ಕೆಳಗೆ ಅವಳ ತಲೆ ಹಿಡಿದೆ. ರಿಕ್ಷಾದವರು ಬಕೆಟ್ ತುಂಬಿಸಿ ತುಂಬಿಸಿ ನೀರು ಹೊಯ್ದರು. ಅವಳು ಕಿರುಚಲಿಲ್ಲ. ನನ್ನ ಅಂಗಿಯನ್ನು ಹರಿದುಹೋಗುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು, "ಹಳೆ ಬ್ಯಾಟರಿ ಡಾಕ್ಟ್ರೇ, ಒಳಗೆ ಎಂತದೋ ಹಾಳಾಗಿರ್ಬೇಕು."

ನಾನು ಅದನ್ನು ತಿದ್ದಲಿಲ್ಲ.

ಎಡಗಣ್ಣು ಉಳಿಯಿತು. ಬಲಗಣ್ಣಿನ ದೃಷ್ಟಿ ಹೋಯಿತು. ಕುಕ್ಕುಂದೂರಿನಿಂದ ಬಂದ ಅತ್ತೆ, ಅವಳ ಅಮ್ಮ, ನನ್ನ ಎರಡೂ ಕೈ ಹಿಡಿದು ಅತ್ತರು. "ನೀವು ಕೂಡಲೇ ನೀರು ಹಾಕದಿದ್ದರೆ ಇನ್ನೊಂದು ಕಣ್ಣೂ ಹೋಗ್ತಿತ್ತು." ಆಗಲೂ ನಿಜ ಹೇಳಲಿಲ್ಲ.

ಅಂಗಡಿ ಮುಚ್ಚಿದೆ. ಮನೆಯಲ್ಲಿ ಅವಳು ಚಹಾ ಹೊಯ್ಯುವಾಗ ಲೋಟದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಮೆಟ್ಟಿಲಿಳಿಯುವಾಗ ಒಂದು ಗಳಿಗೆ ನಿಲ್ಲುತ್ತಾಳೆ. ತಿಂಗಳುಗಟ್ಟಲೆ ಅದನ್ನೆಲ್ಲ ನೋಡಿದ ಮೇಲೆ ಒಂದು ಬೆಳಿಗ್ಗೆ ತಡೆಯಲಾರದೆ ಹೇಳಿಬಿಟ್ಟೆ, "ಅವತ್ತು ನಾನು ಸ್ವಿಚ್ ಆಫ್ ಮಾಡಿರಲಿಲ್ಲ."

"ಗೊತ್ತುಂಟು" ಎಂದಳು. "ನಿಮ್ಮ ಕೈ ಕ್ಲಿಪ್ಪಿಗೆ ಹೋದದ್ದು ಕಂಡಿತ್ತು. ಹೇಳುವಷ್ಟರಲ್ಲಿ ಆಗಿಹೋಯ್ತು."

ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು.

"ಅಮ್ಮನಿಗೆ ಹೇಳ್ಬೇಡಿ. ಅವರಿಗೆ ನಿಮ್ಮ ಮೇಲೆ ತುಂಬ ನಂಬಿಕೆ ಉಂಟು."

ಅಷ್ಟೇ. ಮತ್ತೆಂದೂ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ಕುಕ್ಕುಂದೂರಿಗೆ ಹೋದಾಗಲೆಲ್ಲ ಅತ್ತೆ ಮೀನಿನ ದೊಡ್ಡ ತುಂಡನ್ನು ನನ್ನ ಬಟ್ಟಲಿಗೇ ಹಾಕುತ್ತಾರೆ. ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ. ತಲೆ ತಗ್ಗಿಸಿ ತಿನ್ನುತ್ತೇನೆ.